ಹಿಂದಿನ ಸೀಟು

ತುಮಕೂರಿಂದ ಬೆಂಗಳೂರಿಗೆ ದಿನಾ ರೈಲಲ್ಲಿ ಓಡಾಡುತ್ತಿದ್ದ ಗುಮಾಸ್ತನೊಬ್ಬನಿಗೆ ಅವನ ಮೇಲಧಿಕಾರಿ ಆರಾಧ್ಯ ಸಾಹೇಬರು ಹುಕುಂ ಮಾಡಿದರು. "ಕಾರು ತಗೊಂಡಿದೀನಿ. ಇನ್ಮೇಲೆ ನನ್ನ ಜೊತೆ ಬಾ. ದಾರೀಲಿ ಮಾತಾಡೋಕೆ ಯಾರಾದ್ರೂ ಬೇಕು."

ಮೊದಲ ದಿನವೇ ಗುಮಾಸ್ತನ ಜೀವ ಬಾಯಿಗೆ ಬಂತು. ಮಾತಾಡುವಾಗ ಸಾಹೇಬರು ರಸ್ತೆ ನೋಡುತ್ತಿರಲಿಲ್ಲ, ಪಕ್ಕದವನ ಮುಖ ನೋಡುತ್ತಿದ್ದರು. ಲಾರಿಗಳೇ ಹೆದರಿ ಪಕ್ಕಕ್ಕೆ ಸರಿಯುತ್ತಿದ್ದವು. ಬರಲ್ಲ ಅಂದರೆ ಕೆಲಸಕ್ಕೆ ಕುತ್ತು, ಬಂದರೆ ಜೀವಕ್ಕೆ. ಆ ರಾತ್ರಿ ಅವನಿಗೆ ಅನ್ನ ಸೇರಲಿಲ್ಲ.

ಮಾರನೆ ಬೆಳಗ್ಗೆ ಅವನು ಇಸ್ತ್ರಿ ಮಾಡಿದ ಬಿಳಿ ಶರ್ಟು ತೊಟ್ಟು ಬಂದು ಕಾರಿನ ಹಿಂದಿನ ಬಾಗಿಲು ತೆಗೆದ. "ನಿಮ್ಮ ಸರಿಸಮ ಕೂರೋದು ಮರ್ಯಾದೆ ಅಲ್ಲ ಸಾರ್. ಹಿಂದೆ ಕೂರ್ತೀನಿ."

ಈ ವಿನಯ ಸಾಹೇಬರಿಗೆ ಹಿಡಿಸಿತು. ಈಗ ಪೂರ್ತಿ ಹಿಂದಕ್ಕೆ ತಿರುಗಿ ಮಾತಾಡಿದರು. ಗುಮಾಸ್ತ ಸೀಟು ಗಟ್ಟಿಯಾಗಿ ಹಿಡಿದು ಕೂತ.

ದಾಬಸ್‌ಪೇಟೆ ಹತ್ತಿರ ಟೀಗೆ ನಿಲ್ಲಿಸಿದರು. ಹೋಟೆಲಿನ ಸಪ್ಲೈಯರ್ ಓಡಿ ಬಂದು ಹಿಂದಿನ ಬಾಗಿಲು ತೆಗೆದು ಗುಮಾಸ್ತನಿಗೆ ನಮಸ್ಕಾರ ಹಾಕಿದ. ಆಮೇಲೆ ಸಾಹೇಬರ ಕಡೆ ತಿರುಗಿ ಹೇಳಿದ, "ಡ್ರೈವರಣ್ಣ, ಗಾಡಿ ಆ ಮರದ ಕೆಳಗೆ ಹಾಕು. ನಿಂಗೆ ಟೀ ಅಲ್ಲಿಗೇ ತರ್ತೀನಿ."

ಬೆಂಗಳೂರು ಬರುವವರೆಗೂ ಸಾಹೇಬರು ರಸ್ತೆಯಿಂದ ಕಣ್ಣು ಕೀಳಲಿಲ್ಲ, ಹಿಂದೆ ತಿರುಗಲೂ ಇಲ್ಲ. ಇಳಿಯುವಾಗ ಅಂದರು, "ನಾಳೆಯಿಂದ ನೀನು ರೈಲಲ್ಲೇ ಬಾ."

ಮರುದಿನ ರೈಲಲ್ಲಿ ಕೂರಲು ಜಾಗ ಸಿಗಲಿಲ್ಲ. ಗುಮಾಸ್ತ ಜನರ ಮಧ್ಯೆ ಸಿಕ್ಕಿಕೊಂಡು, ನಿಂತಲ್ಲೇ ಗೊರಕೆ ಹೊಡೆದ.