ಗೋಪುರದ ಬುಡದ ಹೆಸರುಗಳು

ಕಲ್ಲಿನಲ್ಲೂ ದೇವರಿದ್ದಾನೆಂದು ನಂಬಿದವನು ಕಲ್ಲುಕುಟಿಗ ಕಾಳಾಚಾರಿ. ಯುದ್ಧದಲ್ಲಿ ಮಡಿದ ಊರ ಮಕ್ಕಳ ನೆನಪಿಗೆ ಗಡಿಯಾರ ಗೋಪುರ ಕಟ್ಟುವಾಗ, ಮುದಿ ತಾಯಂದಿರ ಕೈಗೆ ಎಟುಕಲೆಂದು ಮಕ್ಕಳ ಹೆಸರುಗಳನ್ನು ಬುಡದ ಕಲ್ಲಿಗೇ ಗುರುತು ಹಾಕಿದ.

“ಅಲ್ಲಿ ನನ್ನ ಹೆಸರು ಕೆತ್ತು. ಅವರದು ಮೇಲೆ ಗಡಿಯಾರದ ಹತ್ತಿರ ಹೋಗಲಿ,” ಎಂದರು ಪಂಚಾಯ್ತಿ ಅಧ್ಯಕ್ಷ ಚಿಕ್ಕೇಗೌಡರು.

“ಆಗಲಿ ಬುದ್ಧಿ. ತಮಗೆ ಕಜ್ಜಾಯ ಇಷ್ಟವೋ, ಕೋಳಿ ಸಾರೋ?”

“ಯಾಕಯ್ಯಾ?”

“ಮಹಾಲಯ ಅಮಾವಾಸ್ಯೆಗೆ ತಾಯಂದಿರು ಇಲ್ಲಿ ಎಡೆ ಇಡ್ತಾರೆ. ಓದು ಬಾರದು, ಕಣ್ಣೂ ಮಂಜು. ಕೈಗೆ ಸಿಕ್ಕ ಹೆಸರಿಗೇ ಎಡೆ.”

ಗೌಡರು ಕಲ್ಲಿನಿಂದ ದೂರ ಸರಿದರು. “ಹುಡುಗರು ಇದ್ದಲ್ಲೇ ಇರಲಿ ಬಿಡು.”

ಅಮಾವಾಸ್ಯೆಯಂದು ಮುದುಕಿ ಸಾಕಮ್ಮನ ಕೈಹಿಡಿದು ಮಗನ ಹೆಸರಿನ ಮೇಲಿಟ್ಟವರು ಗೌಡರೇ. ಆಕೆ ಅಕ್ಷರಗಳನ್ನು ಸವರುತ್ತ, “ಉಣ್ಣು ಮಗಾ,” ಎಂದಳು. ಗೌಡರು ಮುಖ ತಿರುಗಿಸಿ ಕಣ್ಣೊರೆಸಿಕೊಂಡರು. ಮನಸ್ಸು ಕರಗಿಸುವ ದಾರಿ ಭಗವಂತನಿಗೇ ಗೊತ್ತು.