ಖರ್ಚಿಲ್ಲದ ಶಾಲೆ

“ಗುರುಗಳೇ, ನಮ್ಮ ಶಾಲೆಯ ಖರ್ಚು ಹೆಚ್ಚಾಯಿತೋ ಇಲ್ಲವೋ ಎಂದು ತಿಳಿಯುವುದು ಹೇಗೆ?” ಎಂದು ಶಿಷ್ಯ ಕೇಳಿದ.

ಮಠದ ಶಾಲೆಯ ಆಡಳಿತ ಆ ವರ್ಷ ಅವನ ಪಾಲಿಗೆ ಬಂದಿತ್ತು. ಮರುದಿನ ಆಡಳಿತ ಮಂಡಳಿಯ ಸಭೆ. ಹಾಸ್ಟೆಲಿನ ಪುಟ್ಟ ಮಕ್ಕಳನ್ನು ನೋಡಿಕೊಳ್ಳುವ ಆಯಾಳನ್ನು ಬಿಡಿಸಬೇಕೆಂದು ಅವನು ಅಲ್ಲಿ ಹೇಳುವವನಿದ್ದ. ಪಕ್ಕದ ತಾಲೂಕಿನಲ್ಲಿ ಇಷ್ಟೇ ಮಕ್ಕಳಿರುವ ಶಾಲೆಯೊಂದು ಆಯಾ ಇಲ್ಲದೆಯೇ ನಡೆಯುತ್ತಿತ್ತು. ಅವನಿಗೆ ಬೇಕಾಗಿದ್ದದ್ದು ಉತ್ತರವಲ್ಲ, ಒಪ್ಪಿಗೆ.

ಗುರುಗಳು ಒಪ್ಪಿಗೆ ಕೊಡಲಿಲ್ಲ. ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ವರ್ತಕನಿದ್ದ. ಊರವರು ಅವನನ್ನು ಶಾಲೆಯ ಅಧ್ಯಕ್ಷನನ್ನಾಗಿ ಮಾಡಿದ್ದರು. ಪಾಠ ಚೆನ್ನಾಗಿ ನಡೆಯುತ್ತಿದೆಯೋ ಇಲ್ಲವೋ ಅವನಿಗೆ ತಿಳಿಯುತ್ತಿರಲಿಲ್ಲ, ಖರ್ಚು ತಿಳಿಯುತ್ತಿತ್ತು. ಹಾಗಾಗಿ ಶಾಲೆಯೆಂದರೆ ಖರ್ಚು ಎಂದುಕೊಂಡ.

ಒಮ್ಮೆ ಸಂತೆಯಲ್ಲಿ ಅವನಿಗೆ ತಮ್ಮೂರ ಹಳ್ಳದ ಕೆಳಗಡೆಯ ಊರಿನ ಶಾಲೆಯ ಅಧ್ಯಕ್ಷ ಸಿಕ್ಕಿದ. ಇಬ್ಬರೂ ಮಾತಿಗೆ ಕೂತರು. ಅಲ್ಲೂ ಅಷ್ಟೇ ಮಕ್ಕಳು, ಅಷ್ಟೇ ಕೊಠಡಿಗಳು. ಅಲ್ಲಿಯ ಮಕ್ಕಳೂ ಇದೇ ಹಳ್ಳ ದಾಟಿ ಶಾಲೆಗೆ ಬರಬೇಕು. ಆದರೆ ಖರ್ಚು ಇವನ ಶಾಲೆಯ ಕಾಲುಭಾಗವೂ ಇಲ್ಲ. ವರ್ತಕನಿಗೆ ಆ ದಿನ ಊಟ ಸೇರಲಿಲ್ಲ. ವರ್ಷಗಟ್ಟಲೆ ಯಾರೋ ತನಗೆ ತೂಕದಲ್ಲಿ ಮೋಸ ಮಾಡಿದ್ದಾರೆ ಎನ್ನಿಸಿತು.

ಊರಿಗೆ ಮರಳಿದವನೇ ಮಕ್ಕಳನ್ನು ಹಳ್ಳ ದಾಟಿಸುವ ಹೆಂಗಸನ್ನು ಕರೆಸಿದ.

“ನಾಳೆಯಿಂದ ನೀನು ಬರಬೇಡಮ್ಮ. ಕೆಳಗಿನ ಊರಿನಲ್ಲಿ ದಾಟಿಸುವವರು ಯಾರೂ ಇಲ್ಲ. ಮಕ್ಕಳು ತಾವೇ ಬರುತ್ತಾರೆ.”

“ತಾವೇ ಬರ್ತಾವಾ? ಹಾರ್ಕೊಂಡು ಬರ್ತಾವೇನೋ ಬಿಡಿ ಯಜಮಾನ್ರೇ,” ಎಂದಳು ಅವಳು. “ನಮ್ಮವಕ್ಕೂ ರೆಕ್ಕೆ ಕೊಡ್ಸಿ, ಆಮೇಲೆ ನನ್ನ ಬಿಡ್ಸಿ. ನಿಮ್ಮ ಮೊಮ್ಮಗಳಿಗೇ ಮೊದಲು ಕೊಡ್ಸಿ. ಅವಳು ನನ್ನ ಸೊಂಟ ಏರಿದ್ರೆ ಮನೆ ಬಾಗಿಲ ತನಕ ಇಳಿಯೋಳಲ್ಲ.”

ವರ್ತಕ ನಗಲಿಲ್ಲ. ಮೊಮ್ಮಗಳು ಎರಡನೇ ತರಗತಿಯಲ್ಲಿದ್ದಳು. ಇನ್ನಾದರೂ ನಡೆಯುವುದು ಕಲಿಯಲಿ ಎಂದುಕೊಂಡ.

ಮರುದಿನ ಬೆಳಿಗ್ಗೆ ಅವನು ಕೆಳಗಿನ ಊರಿಗೆ ಹೊರಟ. ಇನ್ನೂ ಏನೇನು ಉಳಿಸಬಹುದೆಂದು ಕಣ್ಣಾರೆ ಕಂಡು ಬರುವುದು ಅವನ ಉದ್ದೇಶ.

ಆ ಶಾಲೆಯ ಬಾಗಿಲಲ್ಲಿ ಒಂದು ಜೊತೆ ಚಪ್ಪಲಿಯೂ ಇರಲಿಲ್ಲ. ಒಳಗೆ ಮೇಷ್ಟ್ರು ಹಾಜರಿ ಕೂಗುತ್ತಿದ್ದರು. ಪ್ರತಿ ಹೆಸರಿಗೂ “ಹಾಜರ್” ಎಂಬ ಉತ್ತರ ಬರುತ್ತಿತ್ತು. ಎಲ್ಲ ಉತ್ತರಗಳದೂ ಒಂದೇ ದನಿ. ವರ್ತಕ ಇಣುಕಿ ನೋಡಿದ. ಬೆಂಚುಗಳು ತುಂಬಿದ್ದವು. ಯಾರೂ ಕೆಮ್ಮುತ್ತಿರಲಿಲ್ಲ, ಯಾರೂ ಯಾರನ್ನೂ ಚಿವುಟುತ್ತಿರಲಿಲ್ಲ. ಅಷ್ಟರಲ್ಲಿ ಅವನಿಗೆ ಕಟ್ಟಡವೇ ನಡುಗುವಂಥ ಸೀನು ಬಂತು. ಒಂದು ಮಗುವೂ ನಗಲಿಲ್ಲ.

ಅಧ್ಯಕ್ಷ ಅವನನ್ನು ಸಂತೋಷದಿಂದ ಬರಮಾಡಿಕೊಂಡ.

“ಊಟದ ಖರ್ಚೇ ಇಲ್ಲವೆಂದಿರಲ್ಲ, ಅದು ಹೇಗೆ?” ಎಂದು ವರ್ತಕ ಕೇಳಿದ.

“ಬಡಿಸಿ ನೋಡಿದೆವು. ಬಡಿಸಿದ್ದು ಎಲೆಯಲ್ಲೇ ಉಳಿಯುತ್ತಿತ್ತು. ನಿಲ್ಲಿಸಿದೆವು.”

“ಸ್ಲೇಟು?”

“ಒಂದೂ ಒಡೆಯುವುದಿಲ್ಲ.”

“ಪುಸ್ತಕ?”

“ಹಳೆಯವೇ ಸಾಕು. ಎರಡನೇ ತರಗತಿಯವರು ಎರಡನೇ ತರಗತಿಯಲ್ಲೇ ಇದ್ದಾರೆ. ಮುಂದಕ್ಕೆ ಹೋಗುವ ಆತುರ ಯಾರಿಗೂ ಇಲ್ಲ. ಬಹಳ ಒಳ್ಳೆಯ ಮಕ್ಕಳು.”

“ತಾಯಂದಿರು ಬಂದು ಏನೂ ಕೇಳುವುದಿಲ್ಲವೇ?”

“ಬರುತ್ತಾರೆ. ಕಿಟಕಿಯ ಹೊರಗೆ ನಿಂತು ಅತ್ತು ಹೋಗುತ್ತಾರೆ. ಅದಕ್ಕೇನೂ ಖರ್ಚಿಲ್ಲ.”

ವರ್ತಕ ಕಿಟಕಿಯತ್ತ ನೋಡಿದ. “ಯಾವಾಗಿನಿಂದ ಹೀಗೆ?” ಎಂದ.

“ದಾಟಿಸುವವನನ್ನು ಬಿಡಿಸಿದ ಮಳೆಗಾಲದಿಂದ. ಆ ವರ್ಷ ಹಳ್ಳ ಉಕ್ಕಿತ್ತು.” ಅಧ್ಯಕ್ಷ ಸ್ವಲ್ಪ ಯೋಚಿಸಿ ಹೇಳಿದ: “ನಾವೇನೂ ಸುಮ್ಮನೆ ಬಿಡಿಸಲಿಲ್ಲ. ಇನ್ನೂ ಕೆಳಗಿನ ಊರಿನ ಶಾಲೆಯಲ್ಲಿ ಅಂಥವನು ಇರಲೇ ಇಲ್ಲ. ಹೋಲಿಸಿ ನೋಡಿಯೇ ಬಿಡಿಸಿದ್ದು.”

ನಡುಹಗಲಿಗೇ ಗಂಟೆ ಹೊಡೆಯಿತು. ಅಲ್ಲಿ ಶಾಲೆ ಬೇಗ ಬಿಡುತ್ತಿತ್ತು, ಕಲಿಸುವುದೇನೂ ಬಾಕಿಯಿರಲಿಲ್ಲ. ಮಕ್ಕಳು ಸಾಲಾಗಿ ಹೊರಬಂದು ಹಳ್ಳಕ್ಕಿಳಿದರು. ನೀರು ಅವರ ಎದೆಯ ಮಟ್ಟಕ್ಕಿತ್ತು. ಅವರು ನಡೆದ ಕಡೆ ಅದು ಕದಲಲಿಲ್ಲ. ಆಚೆ ದಡ ಹತ್ತಿದಾಗ ಅವರ ಬಟ್ಟೆ ಒಣಗಿಯೇ ಇತ್ತು. ದಡದ ಬಂಡೆಯ ಮೇಲೆ ಒಂದೂ ಒದ್ದೆ ಹೆಜ್ಜೆ ಮೂಡಲಿಲ್ಲ.

ವರ್ತಕನಿಗೆ ದೆವ್ವಗಳಲ್ಲಿ ನಂಬಿಕೆಯಿರಲಿಲ್ಲ, ಲೆಕ್ಕದಲ್ಲಿ ಇತ್ತು. ಆದರೂ ಓಡಿದ.

ದಡ ಹಿಡಿದು ಮೇಲಕ್ಕೆ ಓಡುತ್ತಿದ್ದಂತೆ ಎದುರಿನಿಂದ ಕೆಂಪು ನೀರು ಇಳಿದು ಬರತೊಡಗಿತು. ಮೇಲೆಲ್ಲೋ ಮಳೆಯಾಗಿತ್ತು. ಬೇಲಿಯೊಂದರ ಗಳ ತೇಲಿಹೋಯಿತು. ಅವನು ಆ ಹೆಂಗಸಿನ ಹೆಸರು ಹಿಡಿದು ಕೂಗಲು ನೋಡಿದ. ಹೆಸರು ನೆನಪಾಗಲಿಲ್ಲ. ಅವಳಿಗೆ ಕೊಡುತ್ತಿದ್ದದ್ದು ಎಷ್ಟೆಂಬುದು ಮಾತ್ರ ನೆನಪಿತ್ತು.

ಅವನು ಊರು ಮುಟ್ಟುವಾಗ ಶಾಲೆ ಬಿಟ್ಟಾಗಿತ್ತು. ಮಕ್ಕಳು ಆಗಲೇ ಹಳ್ಳ ದಾಟಿ ಈಚೆ ದಡದ ಹಾದಿಯಲ್ಲಿ ಬರುತ್ತಿದ್ದರು. ಸಾಲಾಗಿ ಬರುತ್ತಿದ್ದರು. ಗಲಾಟೆಯಿರಲಿಲ್ಲ. ವರ್ತಕ ಎಣಿಸಿದ. ಒಬ್ಬರೂ ಕಡಿಮೆಯಿರಲಿಲ್ಲ.

ಮೊಮ್ಮಗಳು ಅವನ ಮುಂದೆ ಬಂದು ನಿಂತಳು. “ತಾತ, ಇವತ್ತು ನಾನೇ ದಾಟಿದೆ,” ಎಂದಳು.

ವರ್ತಕ ಮಂಡಿಯೂರಿದ. ಅವಳ ಲಂಗದ ಅಂಚು ಮುಟ್ಟಿ ನೋಡಲು ಕೈ ಚಾಚಿದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯ ಕಾದ. ಗುರುಗಳು ಮುಂದುವರಿಸುವ ಹಾಗೆ ಕಾಣಲಿಲ್ಲ. ಕೊನೆಗೆ ಅವನೇ ಕೇಳಿದ: “ಒದ್ದೆಯಾಗಿತ್ತೇ?”

“ನಾಳೆ ನಿಮ್ಮ ಸಭೆ ಮುಗಿಯಲಿ,” ಎಂದರು ಗುರುಗಳು, “ಹೇಳುತ್ತೇನೆ.”