ಹಣಿಗೆಯ ಸಿಬಿರು

"ಗುರುಗಳೇ, ಮಠದ ಗ್ರಂಥಾಲಯದ ತಂತ್ರಾಂಶ ಕೆಟ್ಟಿದೆ. ಅದು ಹತ್ತಾರು ಜನ ಕೂಡಿ ಮಾಡಿ ಎಲ್ಲರಿಗೂ ಬಿಟ್ಟುಕೊಟ್ಟದ್ದು. ಹೋದ ಸಲ ಕೆಟ್ಟಾಗ ಆ ಬಳಗದವರೇ ಅರ್ಧ ದಿನದಲ್ಲಿ ದಾರಿ ತೋರಿಸಿದರು. ಈ ಸಲ ಮೂರು ದಿನವಾದರೂ ಒಬ್ಬರೂ ತುಟಿ ಬಿಚ್ಚಿಲ್ಲ. ಸೋಮವಾರ ಓದುವವರು ಬರುತ್ತಾರೆ, ಯಾವ ಪುಸ್ತಕ ಎಲ್ಲಿದೆ ಎಂದು ಯಾರಿಗೂ ಹೇಳಲಾರೆ. ದುಡ್ಡು ಕೊಟ್ಟು ಒಂದು ಕಂಪನಿಯವರನ್ನು ಗೊತ್ತುಮಾಡಿದರೆ ಒಳ್ಳೆಯದಲ್ಲವೇ?" ಎಂದು ಶಿಷ್ಯ ರುದ್ರಮುನಿ ಕೇಳಿದ.

ಗುರುಗಳು ನಕ್ಕು, "ಕೆಟ್ಟದ್ದು ಹೇಗೂ ಕೆಟ್ಟಿದೆ, ಕೂತು ಒಂದು ಕತೆ ಕೇಳು" ಎಂದರು.

ಒಂದು ಊರಿನ ತುಂಬ ನೇಕಾರರು. ಅವರ ಮಗ್ಗದ ಮಾದರಿ ಯಾರೊಬ್ಬರ ಸೊತ್ತೂ ಅಲ್ಲ. ಬೇಕಾದವರು ನೋಡಿ ಮಾಡಿಕೊಳ್ಳಬಹುದಿತ್ತು. ಮಗ್ಗ ಕೆಟ್ಟವರು ಸಂಜೆ ಬೇವಿನ ಕಟ್ಟೆಗೆ ಬಂದು ಹೇಳುವರು, ತಿಳಿದವರು ಉಪಾಯ ಕೊಡುವರು. ಕಟ್ಟೆಗೆ ಇದ್ದದ್ದು ಒಂದೇ ಕಟ್ಟಳೆ. ಮಗ್ಗ ಸರಿಹೋದವನು ಮರುದಿನ ಬಂದು, ಏನು ಕೆಟ್ಟಿತ್ತು, ಹೇಗೆ ಸರಿಹೋಯಿತು ಎಂದು ಹೇಳಿ ಹೋಗಬೇಕು.

ಒಬ್ಬ ನೇಕಾರ ಮಗಳ ಧಾರೆ ಸೀರೆ ನೇಯುತ್ತಿದ್ದ. ಮದುವೆಗೆ ಆರೇ ದಿನವಿದ್ದಾಗ ಎಳೆ ಹರಿಯತೊಡಗಿತು. ಕಟ್ಟೆಗೆ ಓಡಿಬಂದು, "ನನ್ನ ಮಗ್ಗ ಕೆಟ್ಟಿದೆ" ಎಂದ.

"ಯಾವ ಎಳೆ ಹರೀತದೆ?" ಎಂದು ಕಟ್ಟೆಯ ಮೇಲಿದ್ದವರು ಕೇಳಿದರು.

"ಅದೆಲ್ಲ ಗೊತ್ತಿದ್ದರೆ ನಿಮ್ಮ ಹತ್ತಿರ ಯಾಕೆ ಬರ್ತಿದ್ದೆ?" ಎಂದು ರೇಗಿ ಹೊರಟುಹೋದ. ಅವಸರದವನಿಗೆ ಪ್ರಶ್ನೆಯೂ ಬೈಗಳ ಹಾಗೆ ಕೇಳಿಸುತ್ತದೆ.

ಅವನು ಪಕ್ಕದೂರಿನಿಂದ ಒಬ್ಬ ಬಡಗಿಯನ್ನು ಕರೆಸಿದ. ವರ್ಷಕ್ಕೊಂದು ಸೀರೆ ಕೂಲಿ. ಕರೆದಾಗ ಬರಬೇಕು, ಸರಿಮಾಡದೆ ಹೋಗಬಾರದು. ಬಡಗಿ ಬೆಳಗಿನಿಂದ ಸಂಜೆಯವರೆಗೆ ಮಗ್ಗದ ಮುಂದೆ ಕೂತು ನೋಡಿದ. ಆಮೇಲೆ ಎದ್ದು ನೆಟ್ಟಗೆ ಕಟ್ಟೆಗೆ ಹೋದ.

"ಎಡ ಅಂಚಿನಿಂದ ಒಂದು ಗೇಣು ಒಳಗೆ, ಯಾವಾಗಲೂ ಅದೇ ಎಳೆ ಹರೀತದೆ. ಎಳೆ ಹಾಯುವ ಬಿದಿರ ಹಣಿಗೆ ಹೊಸದು" ಎಂದ.

ಅಲ್ಲಿದ್ದ ಒಬ್ಬ ಅಜ್ಜಿ ನಕ್ಕಳು. "ಸಿಬಿರು ಎದ್ದಿರ್ತದೆ, ಉಗುರಾಡಿಸಿ ನೋಡಪ್ಪಾ."

ಸಿಬಿರೇ ಆಗಿತ್ತು. ಉಜ್ಜಿದ ಮೇಲೆ ಒಂದೆಳೆಯೂ ಹರಿಯಲಿಲ್ಲ. ಮರುದಿನ ಸಂಜೆ ಬಡಗಿ ಮತ್ತೆ ಕಟ್ಟೆಯ ಕಡೆ ಹೊರಟಾಗ ನೇಕಾರ ತಡೆದ. ಅವನಿಗೆ ಸಂತೋಷವೂ ಆಗಿತ್ತು, ಹೊಟ್ಟೆಯೂ ಉರಿದಿತ್ತು.

"ಉಪಾಯ ಅಜ್ಜಿಯದು, ಸೀರೆ ನಿನಗೆ! ಇದೆಂಥ ನ್ಯಾಯ?"

"ದಿನವೆಲ್ಲ ನಿಮ್ಮ ಮಗ್ಗದ ಮುಂದೆ ಕೂರೋದಕ್ಕೆ ಅಜ್ಜಿಗೆ ಪುರುಸೊತ್ತಿದೆಯಾ ಯಜಮಾನರೇ? ಕೂತದ್ದಕ್ಕೆ ನನಗೆ ಸೀರೆ. ಅಜ್ಜಿಗೆ ಸಲ್ಲಬೇಕಾದ್ದನ್ನು ಸಲ್ಲಿಸೋದಕ್ಕೇ ಈಗ ಹೊರಟೆ" ಎಂದ ಬಡಗಿ.

ಅವನು ಹೋಗಿ ಸಿಬಿರಿನ ಸಂಗತಿಯನ್ನು ಎಲ್ಲರಿಗೂ ಹೇಳಿದ. ಕೇಳಿದವರಲ್ಲಿ ಇಬ್ಬರು ಆಗಲೇ ಎದ್ದುಹೋಗಿ ತಮ್ಮ ಹಣಿಗೆ ತಡವಿ ನೋಡಿಕೊಂಡರು. ಮದುವೆಯ ಹಿಂದಿನ ದಿನ ಸೀರೆ ಮಗ್ಗದಿಂದ ಇಳಿಯಿತು.

ರುದ್ರಮುನಿ ಹಿಗ್ಗಿದ. "ಹಾಗಾದರೆ ನಾವೂ ಒಬ್ಬ ಬಡಗಿಯನ್ನು ಗೊತ್ತುಮಾಡೋಣವೇ ಗುರುಗಳೇ?"

"ಧಾರಾಳವಾಗಿ ಮಾಡು. ಹೋದ ಸಲ ತಂತ್ರಾಂಶ ಸರಿಹೋದ ಮರುದಿನ ನೀನು ಆ ಬಳಗದ ಕಟ್ಟೆಗೆ ಹೋಗಿ ಏನು ಹೇಳಿ ಬಂದೆ, ಅದನ್ನಷ್ಟು ಹೇಳು."